ಕುರಿ ಉಣ್ಣೆ ತೊಳೆದು, ಹಿಂಜಿ, ಕೈಯಲ್ಲೇ ನೂಲುವುದು: ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಉಣ್ಣೆ ನೂಲಬೇಕು ಅಂತ ಆಸೆಪಟ್ಟವರು ಸಾಮಾನ್ಯವಾಗಿ ಮೊದಲು ಕೇಳುವುದು ರಾಟೆಯ ಬಗ್ಗೆ. ಕೊಡಗಿನಲ್ಲಿ ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಾಸಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಉಣ್ಣೆ ಹೇಗೆ ಒಣಗೀತು? ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ತಂದು, ತೊಳೆದು, ಒಣಗಿಸಿ ಇಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಕೂತು ಹಿಂಜಿ, ನೂಲಿ. ಕೆಳಗಿನ ಉತ್ತರಗಳೆಲ್ಲ ಈ ಲೆಕ್ಕದಲ್ಲೇ ಇವೆ. ಮನೆಯ ಬಚ್ಚಲು, ಹಂಡೆ, ಕಾಫಿ ಕಣ ಇದ್ದರೆ ಮುಕ್ಕಾಲು ಸಾಮಾನು ಈಗಾಗಲೇ ನಿಮ್ಮ ಹತ್ತಿರ ಇದ್ದ ಹಾಗೆ.

ಕೊಡಗಿನಲ್ಲಿ ಕುರಿಯೇ ಕಮ್ಮಿ. ಉಣ್ಣೆ ಎಲ್ಲಿಂದ ತರುವುದು?

ನಿಜ, ಇದು ಕುರಿಯ ನಾಡಲ್ಲ. ಇಷ್ಟು ಮಳೆಗೆ ಕುರಿಯ ಗೊರಸು ಕೊಳೆಯುತ್ತದೆ, ಮೈ ಒಣಗುವುದಿಲ್ಲ. ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರು ಕಡೆ ಹೋದರೆ, ಅಥವಾ ಶನಿವಾರಸಂತೆ ದಾಟಿ ಹಾಸನ ಜಿಲ್ಲೆ ಕಡೆ ಇಳಿದರೆ ಕುರಿ ಮಂದೆ ಸಿಗುತ್ತವೆ. ಆದರೆ ಹತ್ತಿರ ಸಿಕ್ಕಿತು ಅಂತ ಯಾವ ಕುರಿಯದ್ದಾದರೂ ತರಬೇಡಿ. ಆ ಕಡೆ ಸಾಕುವ ಬನ್ನೂರು ಕುರಿ ಮಾಂಸಕ್ಕೆ ಹೆಸರಾದ ತಳಿ. ಅದರ ಮೈ ಮೇಲಿರುವುದು ಬಹುಪಾಲು ಕೂದಲು. ನೂಲಲು ಕೂತರೆ ಕೈಗೆ ಹತ್ತುವುದಿಲ್ಲ.

ನೂಲುವ ಉಣ್ಣೆಗೆ ಬಯಲುಸೀಮೆಗೇ ಹೋಗಬೇಕು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು, ತುಮಕೂರು ಜಿಲ್ಲೆಯ ಶಿರಾ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಇವೆಲ್ಲ ಕಂಬಳಿಯ ಊರುಗಳು. ಕಂಬಳಿ ನೇಯುವ ಮನೆಗಳಲ್ಲಿ, ಸಂಘಗಳಲ್ಲಿ ಕೇಳಿದರೆ ಹಸಿ ಉಣ್ಣೆ ಕೊಡುತ್ತಾರೆ. ಆ ಕಡೆಯ ನೆಂಟರು, ಸ್ನೇಹಿತರು ಯಾರಾದರೂ ಇದ್ದರೆ ಒಂದು ಗೋಣಿಚೀಲ ಬಸ್ಸಿಗೆ ಹಾಕಿಸಿದರೂ ಆಯಿತು.

ಕುರಿಗಾರರ ಹತ್ತಿರ ನೇರ ತರುವುದಾದರೆ ಒಂದು ಮಾತು. ಉಣ್ಣೆಗೆ ಈಗ ಬೆಲೆ ಬಿದ್ದುಹೋಗಿದೆ. ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂತ ಎಷ್ಟೋ ಕಡೆ ಹಾಗೇ ಬಿಸಾಡುತ್ತಾರೆ. "ಸುಮ್ನೆ ತಗೊಂಡು ಹೋಗಿ" ಅಂತಲೂ ಅನ್ನಬಹುದು. ದುಡ್ಡು ಕೊಟ್ಟೇ ತನ್ನಿ. "ಯಜಮಾನ್ರೇ, ಮುಂದಿನ ಸಲ ಕತ್ತರಿಸುವಾಗ ಹೊಟ್ಟೆ ಕೆಳಗಿನದ್ದು ಬೇರೆ, ಬೆನ್ನಿಂದು ಬೇರೆ ಇಟ್ಟಿರ್ತೀರಾ?" ಅಂತ ಕೇಳಿ. ಆ ಕೆಲಸಕ್ಕೆ ಒಂದಿಷ್ಟು ಜಾಸ್ತಿ ಕೊಡಿ. ಮರುವರ್ಷ ನಿಮಗಾಗಿಯೇ ಒಳ್ಳೆಯದನ್ನು ತೆಗೆದಿಟ್ಟಿರುತ್ತಾರೆ.

ಯಾವ ತಳಿಯದ್ದು ಒಳ್ಳೆಯದು?

ನಮ್ಮ ಬಯಲುಸೀಮೆಯಲ್ಲಿ ಉಣ್ಣೆಗೆ ಮುಖ್ಯವಾದದ್ದು ಡೆಕ್ಕನಿ ಕುರಿ. ಬಹುಪಾಲು ಕಪ್ಪು, ಬೂದು, ಕೆಲವು ಕಪ್ಪುಬಿಳಿ. ಎಳೆ ಗಿಡ್ಡ, ಒರಟು, ನಡುನಡುವೆ ಕೂದಲು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಎರಡೂ ಸೇರಿಸಿದರೂ ಒಂದು ಕುರಿಗೆ ಒಂದು ಕಿಲೋ ದಾಟುವುದಿಲ್ಲ. ಕರಿ ಕಂಬಳಿ ಅಂದರೆ ಇದೇ ಉಣ್ಣೆ.

ಮೆತ್ತಗಿನದ್ದು ಬೇಕು ಅಂದರೆ ನೀಲಗಿರಿ ಕುರಿ ಇದೆ. ಸ್ಥಳೀಯ ಕುರಿಗೆ ಮೆರಿನೊ ಮತ್ತು ಬೇರೆ ವಿದೇಶಿ ತಳಿಗಳು ಬೆರೆತು 19ನೇ ಶತಮಾನದಲ್ಲಿ ಬೆಳೆದು ಬಂದ ತಳಿ ಅದು. ಊಟಿ ಹತ್ತಿರದ ಸ್ಯಾಂಡಿನಲ್ಲಾದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ದಕ್ಷಿಣ ಭಾರತದಲ್ಲಿ ನಯವಾದ ಉಣ್ಣೆ ಕೊಡುವ ಕುರಿ ಅಂದರೆ ಅದೇ. ಆದರೆ ಈಗ ಕುರಿಗಳ ಸಂಖ್ಯೆ ತುಂಬ ಕಡಿಮೆ, ಉಣ್ಣೆ ಸುಲಭಕ್ಕೆ ಸಿಗುವುದಿಲ್ಲ.

ಹಾಗಾಗಿ ನಾನು ಹೇಳುವುದು ಡೆಕ್ಕನಿಯನ್ನೇ. ಸಾಧ್ಯವಾದರೆ ಮರಿಯ ಮೊದಲ ಕತ್ತರಿಯ ಉಣ್ಣೆ ಕೇಳಿ. ದೊಡ್ಡ ಕುರಿಯದ್ದಕ್ಕಿಂತ ಅದು ಮೆತ್ತಗಿರುತ್ತದೆ, ತುದಿಗಳು ಸಪೂರ ಇರುತ್ತವೆ.

ಆದರೆ ಅದು ಚುಚ್ಚುತ್ತದೆ ಅಲ್ವಾ? ಸ್ವೆಟರ್ ಹೆಣೆಯೋಕೆ ಆಗುತ್ತಾ?

ಚುಚ್ಚುತ್ತದೆ. ಉಣ್ಣೆಯ ಎಳೆ ಸುಮಾರು 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಆದರೆ ಅದರ ತುದಿ ಬಾಗುವುದಿಲ್ಲ, ಚರ್ಮಕ್ಕೆ ಒತ್ತುತ್ತದೆ. ಮೆರಿನೊ ಇದಕ್ಕಿಂತ ತುಂಬ ಸಪೂರ, ಡೆಕ್ಕನಿ ಇದಕ್ಕಿಂತ ದಪ್ಪ. ಎಷ್ಟು ತೊಳೆದರೂ, ಏನು ಕಂಡೀಶನರ್ ಹಾಕಿದರೂ ಆ ದಪ್ಪ ಬದಲಾಗುವುದಿಲ್ಲ. ಕುತ್ತಿಗೆಗೆ ಸುತ್ತುವ ಮಫ್ಲರ್, ಮಗುವಿನ ಟೊಪ್ಪಿ, ಇದಕ್ಕೆಲ್ಲ ಡೆಕ್ಕನಿ ಸರಿಯಲ್ಲ. ಅದಕ್ಕೆ ಅಂಗಡಿಯ ಮೆರಿನೊ ತನ್ನಿ.

ಆದರೆ ಈ ಒರಟು ಉಣ್ಣೆಯನ್ನು ಎರಡನೇ ದರ್ಜೆಯದು ಅಂತ ನೋಡುವವರ ಜೊತೆ ನಾನು ಒಪ್ಪುವುದಿಲ್ಲ. ಮಲೆನಾಡಿನ ಮಳೆಗೆ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಇಳಿದವರನ್ನು ಕೇಳಿ. ನೀರು ಕೂದಲಿನ ಮೇಲೇ ಜಾರಿ ಹೋಗುತ್ತದೆ, ನೆನೆದರೂ ಒಳಗೆ ಬೆಚ್ಚಗಿರುತ್ತದೆ. ಮೆರಿನೊದ ಶಾಲು ಆ ಕೆಲಸಕ್ಕೆ ಒಂದು ದಿನವೂ ನಿಲ್ಲುವುದಿಲ್ಲ. ನಿಮ್ಮ ನೂಲಿನಿಂದ ಕೂರುವ ಮಣೆಯ ಹಾಸು, ಬಾಗಿಲ ಬಳಿಯ ಕಾಲೊರಸು, ಜೀಪಿನ ಸೀಟಿನ ಹಾಸು, ಚೀಲ, ಹಗ್ಗ, ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ದಪ್ಪ ಸಾಕ್ಸಿನ ಅಂಗಾಲು ಮಾಡಿ. ವರ್ಷಗಟ್ಟಲೆ ಬರುತ್ತದೆ. ಬೈಲುಕುಪ್ಪೆಯ ಟಿಬೆಟನ್ ಶಿಬಿರಕ್ಕೆ ಹೋದಾಗ ಅಲ್ಲಿಯವರು ನೇಯ್ದ ಉಣ್ಣೆಯ ಕಾರ್ಪೆಟ್ ಕೈಯಲ್ಲಿ ಮುಟ್ಟಿ ನೋಡಿ. ಗಟ್ಟಿ ಉಣ್ಣೆಯೇ ಯಾಕೆ ಬೇಕು ಅಂತ ಆಗ ಗೊತ್ತಾಗುತ್ತದೆ. ಕಾಲಡಿಯ ವಸ್ತುವಿಗೆ ಮೆತ್ತಗಿನದ್ದು ಬೇಗ ಸವೆಯುತ್ತದೆ.

ಮೊದಲ ಸಲಕ್ಕೆ ಎಷ್ಟು ತರಲಿ?

ಒಂದು ಕಿಲೋ ಸಾಕು. ಮಣ್ಣು, ಕಸ, ಜಿಡ್ಡು ಹೋದ ಮೇಲೆ ಉಳಿಯುವುದು ಎಷ್ಟೋ ಕಡಿಮೆ. ಅಷ್ಟನ್ನು ನೂಲುವಷ್ಟರಲ್ಲಿ ಒಂದು ಮಳೆಗಾಲ ಮುಗಿಯುತ್ತದೆ.

ಹಸಿ ಉಣ್ಣೆ ಮನೆಯೊಳಗೆ ತಂದರೆ ರೋಗ ಬರುತ್ತಾ?

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಖ್ಯವಾಗಿ ಹೆದರಬೇಕಾದ್ದು ನೆರಡಿ ರೋಗಕ್ಕೆ, ಅಂದರೆ ಆಂಥ್ರಾಕ್ಸ್. ಕರ್ನಾಟಕದ ಕುರಿಗಳಲ್ಲಿ ಈ ರೋಗ ಆಗಾಗ ಕಾಣಿಸಿಕೊಂಡಿದೆ. ಅದರ ಬೀಜಕಣ ಮಣ್ಣಿನಲ್ಲಿ, ಉಣ್ಣೆಯಲ್ಲಿ ವರ್ಷಾನುಗಟ್ಟಲೆ ಬದುಕಿರುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಗಿರಣಿಗಳಲ್ಲಿ ಉಣ್ಣೆ ವಿಂಗಡಿಸುತ್ತಿದ್ದವರು ಇದರ ಧೂಳು ಕುಡಿದು ಸತ್ತಿದ್ದರು. ಮನೆಯಲ್ಲಿ ಬಿಸಿನೀರಿಗೆ ಹಾಕಿ ತೊಳೆದರೆ ಈ ಬೀಜಕಣ ಸಾಯುವುದಿಲ್ಲ.

ಆದ್ದರಿಂದ ಎಚ್ಚರಿಕೆ ಇರಬೇಕಾದ್ದು ತರುವ ಹೊತ್ತಿನಲ್ಲೇ. ಸತ್ತ ಕುರಿಯ ಉಣ್ಣೆ ಬೇಡವೇ ಬೇಡ. ಚರ್ಮದ ಮಂಡಿಯಿಂದ ಬಂದ, ಎಲ್ಲಿಯದೆಂದು ಗೊತ್ತಿಲ್ಲದ ಉಣ್ಣೆಯೂ ಬೇಡ. ಆರೋಗ್ಯವಾಗಿ ಓಡಾಡಿಕೊಂಡಿರುವ, ಲಸಿಕೆ ಹಾಕಿಸಿದ ಮಂದೆಯದ್ದೇ ತನ್ನಿ. ಮೈಗೆ ಉಣ್ಣಿ ಔಷಧ ಹೊಡೆದು ಎಷ್ಟು ದಿನ ಆಯಿತು ಅಂತಲೂ ಕೇಳಿ, ಹೊಸದಾಗಿ ಹೊಡೆದಿದ್ದರೆ ಆ ಸಲದ್ದು ಬಿಟ್ಟುಬಿಡಿ.

ವಿಂಗಡಿಸುವಾಗ ಹೊರಗೆ, ಗಾಳಿ ಆಡುವ ಕಡೆ ಕೂತುಕೊಳ್ಳಿ. ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಮುಟ್ಟಬೇಡಿ. ಗರ್ಭಿಣಿಯರು ತೊಳೆಯದ ಉಣ್ಣೆಯಿಂದ ದೂರ ಇರುವುದು ಒಳ್ಳೆಯದು. ಉಣ್ಣೆ ಮುಟ್ಟಿದ ಮೇಲೆ ಚರ್ಮದಲ್ಲಿ ಕಪ್ಪು ಗಾಯ ಅಥವಾ ಜ್ವರ ಕಾಣಿಸಿದರೆ ಡಾಕ್ಟರ ಹತ್ತಿರ ಹೋಗಿ, ಕುರಿ ಉಣ್ಣೆ ಮುಟ್ಟಿದ್ದನ್ನು ಹೇಳಿ.

ತೊಳೆಯುವ ಮುಂಚೆ ಏನು ಮಾಡಬೇಕು?

ಕಾಫಿ ಕಣದಲ್ಲಿ ಹಳೆಯ ಟಾರ್ಪಾಲ್ ಹಾಸಿ, ಉಣ್ಣೆ ಹರಡಿ, ಒಂದೆರಡು ಗಂಟೆ ಬಿಸಿಲು ತೋರಿಸಿ. ಕೈಯಲ್ಲಿ ಎತ್ತಿ ಎತ್ತಿ ಕೊಡವಿ. ಡೆಕ್ಕನಿ ಉಣ್ಣೆಯಲ್ಲಿ ಜಿಡ್ಡಿಗಿಂತ ಮಣ್ಣು ಜಾಸ್ತಿ, ಅರ್ಧ ಕೊಳೆ ಇಲ್ಲೇ ಉದುರುತ್ತದೆ. ಕೆಲವು ಕಡೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಗೆ ಇಳಿಸಿ ತೊಳೆಯುತ್ತಾರೆ. ಅಂಥ ಉಣ್ಣೆ ಸಿಕ್ಕರೆ ನಿಮ್ಮ ಕೆಲಸ ಹಗುರ.

ಆಮೇಲೆ ವಿಂಗಡಿಸಿ. ಹಿಕ್ಕೆ ಅಂಟಿ ಗಟ್ಟಿಯಾದದ್ದು, ಮೂತ್ರಕ್ಕೆ ಹಳದಿಯಾದದ್ದು, ಹೊಟ್ಟೆ ಮತ್ತು ಕಾಲಿನ ಗಂಟುಗಂಟು ಉಣ್ಣೆ, ಎಲ್ಲ ಒಂದು ಕಡೆ. ಕತ್ತರಿ ಎರಡು ಸಲ ಆಡಿ ಬಿದ್ದ ಚೂರುಗಳು ಇರುತ್ತವೆ, ಬೆರಳಿನ ಒಂದು ಗೆಣ್ಣಿಗಿಂತ ಗಿಡ್ಡವಾದವು. ಅವನ್ನೂ ತೆಗೆಯಿರಿ, ಇಲ್ಲದಿದ್ದರೆ ನೂಲಿನ ತುಂಬ ಸಣ್ಣ ಸಣ್ಣ ಗಂಟು ಆಗುತ್ತದೆ. ಉತ್ತರಾಣಿ ಬೀಜ, ಮುಳ್ಳುಗಳನ್ನು ಈಗಲೇ ಕೀಳಬೇಕು. ತೊಳೆದರೆ ಹೋಗುತ್ತದೆ ಅಂತ ಬಿಟ್ಟರೆ ಒಳಗೆ ಇನ್ನಷ್ಟು ಸಿಕ್ಕಿಕೊಳ್ಳುತ್ತವೆ. ಬೆನ್ನು, ಹೆಗಲು, ಪಕ್ಕೆಯ ಉಣ್ಣೆಯೇ ಚೆನ್ನಾಗಿರುವುದು. ಒಂದು ಎಸಳನ್ನು ಎರಡೂ ತುದಿ ಹಿಡಿದು ಕಿವಿಯ ಹತ್ತಿರ ಪಟ್ ಅಂತ ಎಳೆಯಿರಿ. ಚಿಟಿಚಿಟಿ ಸದ್ದು ಬಂದು ಹರಿದರೆ ಕುರಿಗೆ ಆ ಸಮಯದಲ್ಲಿ ಮೇವಿಲ್ಲದೆಯೋ ಕಾಯಿಲೆಯಾಗಿಯೋ ಎಳೆ ಸೊರಗಿದೆ ಅಂತ ಅರ್ಥ. ಅದು ನೂಲಿಗೆ ಬೇಡ, ದಿಂಬಿಗೆ ತುಂಬಿಸಿ.

ತೊಳೆಯುವುದು ಹೇಗೆ? ಕಂಬಳಿಯಂತೆ ಗಟ್ಟಿಯಾಗಿಬಿಡುತ್ತದೆ ಅನ್ನುವ ಭಯ ಇದೆ.

ಗಟ್ಟಿಯಾಗುವುದು ಬರೀ ಬಿಸಿನೀರಿನಿಂದಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯ ಹಾಗೆ ಸಣ್ಣ ಸಣ್ಣ ಪದರಗಳಿವೆ. ಒದ್ದೆಯಾದಾಗ ಅವು ಬಿಚ್ಚಿಕೊಳ್ಳುತ್ತವೆ. ಆಗ ತಿಕ್ಕಿದರೆ, ಹಿಂಡಿದರೆ, ಅಥವಾ ಬಿಸಿಯಿಂದ ತಣ್ಣಗಿನ ನೀರಿಗೆ ಒಮ್ಮೆಲೆ ಹಾಕಿದರೆ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ, ಮತ್ತೆ ಬಿಡಿಸಲು ಆಗುವುದಿಲ್ಲ. ಅಲುಗಾಡಿಸದೆ ನೆನೆಯಲು ಬಿಟ್ಟರೆ ಬಿಸಿನೀರಿಗೆ ಗಟ್ಟಿಯಾಗುವುದಿಲ್ಲ.

ಮೊದಲ ದಿನ ತಣ್ಣೀರಲ್ಲಿ ನೆನೆಸಿ. ಉಣ್ಣೆಯನ್ನು ಸೊಳ್ಳೆ ಪರದೆಯ ಚೀಲಕ್ಕೆ ಸಡಿಲವಾಗಿ ತುಂಬಿ ಟಬ್ಬಿನಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಿ. ಕುರಿಯ ಬೆವರಿನ ಉಪ್ಪು, ಮಣ್ಣು ಇದರಲ್ಲೇ ಬಿಡುತ್ತದೆ. ನೀರು ಕಾಫಿ ಬಣ್ಣಕ್ಕೆ ಬರುತ್ತದೆ. ಇನ್ನೂ ತುಂಬ ಕೊಳೆ ಅನಿಸಿದರೆ ಇನ್ನೊಂದು ಸಲ.

ಜಿಡ್ಡು ಹೋಗಲು ಬಿಸಿನೀರೇ ಬೇಕು. ಉಣ್ಣೆಯ ಜಿಡ್ಡು, ಅಂದರೆ ಲ್ಯಾನೊಲಿನ್, ಕರಗುವುದು ಸುಮಾರು 40 ಡಿಗ್ರಿಯಲ್ಲಿ. ಟಬ್ಬಿನ ನೀರು 60 ಡಿಗ್ರಿ ಸುಮಾರಿಗೆ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಹಂಡೆಯಲ್ಲಿ ನೀರು ಚೆನ್ನಾಗಿ ಕುದಿಸಿ, ಅದರಷ್ಟೇ ತಣ್ಣೀರು ಬೆರೆಸಿ, ಸರಿಹೋಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆಲ್ಲಗೆ ಕಲಸಿ, ನೊರೆ ಏಳಿಸಬೇಡಿ. ಉಣ್ಣೆಯ ಚೀಲ ಇಳಿಸಿ, ಕೋಲಿನಿಂದ ಒತ್ತಿ ಮುಳುಗಿಸಿ, ಮುಚ್ಚಳ ಮುಚ್ಚಿ. 15–20 ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ನೀರು ತಣ್ಣಗಾಗಿ, ಕರಗಿದ ಜಿಡ್ಡು ಮತ್ತೆ ಉಣ್ಣೆಗೇ ಮೆತ್ತಿಕೊಳ್ಳುತ್ತದೆ, ಆಮೇಲೆ ಕೈಗೆ ಅಂಟಂಟು. ಮಡಿಕೇರಿಯಂಥ ಕಡೆ, 1,100 ಮೀಟರಿಗೂ ಎತ್ತರದಲ್ಲಿ, ಜನವರಿಯ ಬೆಳಿಗ್ಗೆ ಟಬ್ ಬಹಳ ಬೇಗ ಆರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಈ ಕೆಲಸ ಇಟ್ಟುಕೊಳ್ಳಿ.

ಚೀಲ ಎತ್ತಿ, ಹಿಂಡದೆ ನೀರು ಇಳಿಯಲು ಬಿಡಿ. ಇನ್ನೊಂದು ಟಬ್ಬಿನಲ್ಲಿ ಅಷ್ಟೇ ಬಿಸಿಯ ನೀರಿಗೆ ಲಿಕ್ವಿಡ್ ಹಾಕಿ ಮತ್ತೊಂದು ಸಲ. ಆಮೇಲೆ ಬರೀ ಬಿಸಿನೀರಿನಲ್ಲಿ ಎರಡು ಸಲ. ಕೊನೆಯ ನೀರಿಗೆ ಒಂದೆರಡು ಚಮಚ ವಿನೆಗರ್ ಹಾಕಿದರೆ ಸೋಪಿನ ಅಂಶ ಪೂರ್ತಿ ಹೋಗುತ್ತದೆ. ನಲ್ಲಿಯ ಕೆಳಗೆ ಮಾತ್ರ ಹಿಡಿಯಬೇಡಿ, ಬೀಳುವ ನೀರಿನ ಏಟಿಗೇ ಎಳೆಗಳು ಕಚ್ಚಿಕೊಳ್ಳುತ್ತವೆ.

ತೊಳೆದ ನೀರನ್ನು ತೋಡಿಗೆ, ಹೊಳೆಗೆ ಬಿಡಬೇಡಿ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿದ್ದೇವೆ, ನಮ್ಮ ತೋಡಿನ ನೀರೇ ಕೆಳಗಿನವರ ಕುಡಿಯುವ ನೀರು. ಸೋಪು ಹಾಕದ ಮೊದಲ ದಿನದ ನೀರಿನಲ್ಲಿ ಪೊಟ್ಯಾಶ್ ಇರುತ್ತದೆ, ಹೂವಿನ ಗಿಡಗಳ ಬುಡಕ್ಕೆ ತೆಳ್ಳಗೆ ಮಾಡಿ ಹಾಕಿ. ಸೋಪಿನ ನೀರು ಬಚ್ಚಲ ಗುಂಡಿಗೆ.

ಸೀಗೆಕಾಯಿ, ಅಂಟುವಾಳ ಬಳಸಬಹುದಾ?

ಅಂಟುವಾಳ ಧಾರಾಳವಾಗಿ ಬಳಸಿ. ಉಣ್ಣೆಗೆ ಕ್ಷಾರ ಆಗುವುದಿಲ್ಲ, ಅಂಟುವಾಳದಲ್ಲಿ ಅದಿಲ್ಲ. ಬೀಜ ತೆಗೆದ ಸಿಪ್ಪೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರು ಹಾಕಿ. ಮೆರಿನೊದಷ್ಟು ಜಿಡ್ಡಿಗೆ ಸಾಲದು, ಡೆಕ್ಕನಿಗೆ ಸಾಕಾಗುತ್ತದೆ. ಸೀಗೆಪುಡಿ ಬೇಡ. ಒಳ್ಳೆಯದೇ, ಆದರೆ ಪುಡಿ ಎಳೆಗಳ ನಡುವೆ ಕೂತು ತೆಗೆಯುವುದೇ ಒಂದು ಕೆಲಸವಾಗುತ್ತದೆ. ಬಟ್ಟೆ ಸೋಪು, ವಾಷಿಂಗ್ ಸೋಡಾ, ಬ್ಲೀಚ್ ಮೂರೂ ಬೇಡ. ಸೋಡಾ ಉಣ್ಣೆಯನ್ನು ಒರಟು ಮಾಡುತ್ತದೆ, ಬ್ಲೀಚ್ ಕರಗಿಸಿಯೇ ಬಿಡುತ್ತದೆ.

ವಾಷಿಂಗ್ ಮೆಷಿನ್‌ಗೆ ಹಾಕಬಹುದಾ?

ತೊಳೆಯಲು ಖಂಡಿತ ಬೇಡ. ತೊಳೆದಾದ ಮೇಲೆ ನೀರು ತೆಗೆಯಲು ಚೀಲದ ಸಮೇತ ಸ್ಪಿನ್ ಮಾತ್ರ ಮಾಡಬಹುದು.

ಮಳೆಗಾಲದಲ್ಲಿ ಸಿಕ್ಕಿದ ಉಣ್ಣೆ ಒಣಗಿಸುವುದು ಹೇಗೆ?

ಆದಷ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ತೊಳೆಯದ ಉಣ್ಣೆಯನ್ನು ಒಣಗಿದ ಸ್ಥಿತಿಯಲ್ಲಿ ಬಟ್ಟೆಯ ಚೀಲಕ್ಕೆ ತುಂಬಿ, ಮನೆಯಿಂದ ಸ್ವಲ್ಪ ದೂರ ಒಣಗಿದ ಶೆಡ್ಡಿನಲ್ಲಿ ತೂಗುಹಾಕಿ, ಡಿಸೆಂಬರ್‌ವರೆಗೆ ಕಾಯಿರಿ.

ತೊಳೆಯಲೇಬೇಕಾದರೆ ಒಂದು ಸಲಕ್ಕೆ ಎರಡು ಹಿಡಿಯಷ್ಟು ಮಾತ್ರ. ಶೇಡ್ ನೆಟ್ ಅಥವಾ ಬಿದಿರಿನ ತಟ್ಟೆಯ ಮೇಲೆ ತೆಳ್ಳಗೆ ಹರಡಿ ಒಲೆಯ ಮೇಲಿನ ಅಟ್ಟದಲ್ಲಿಡಿ. ಹೊಗೆಯ ವಾಸನೆ ಹಿಡಿಯುತ್ತದೆ, ಅದು ಹುಳಕ್ಕೂ ಆಗದು, ನಷ್ಟವಿಲ್ಲ. ದಿನಕ್ಕೆ ಎರಡು ಸಲ ಮಗುಚಿ ಹಾಕಿ.

ಉಣ್ಣೆಯ ಒಂದು ಗುಣ ಇಲ್ಲಿ ತಿಳಿದಿರಬೇಕು. ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗದಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಅನಿಸುವುದಿಲ್ಲ. ಜುಲೈಯಲ್ಲಿ ನೀವು ಮುಟ್ಟಿ ಒಣಗಿದೆ ಅಂದುಕೊಂಡದ್ದು ಒಣಗಿರುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿದರೆ ಮುಗ್ಗಲು ವಾಸನೆ, ಆಮೇಲೆ ಬೂಷ್ಟು. ಬೂಷ್ಟು ಹಿಡಿದ ಎಳೆಗೆ ಬಲವಿರುವುದಿಲ್ಲ.

ತೊಳೆಯದೆ ಹಾಗೇ ನೂಲಿದರೆ?

ಜಿಡ್ಡಿನ ಉಣ್ಣೆ ನೂಲುವವರು ಬೇರೆ ದೇಶಗಳಲ್ಲಿ ಇದ್ದಾರೆ, ಎಳೆ ಸುಲಭವಾಗಿ ಜಾರುತ್ತದೆ ಅಂತ. ನಮ್ಮ ಉಣ್ಣೆಗೆ ಆ ಜಿಡ್ಡೂ ಇಲ್ಲ, ಇರುವುದು ಧೂಳು. ಮೇಲೆ ಹೇಳಿದ ರೋಗದ ವಿಚಾರವೂ ಇದೆ. ತೊಳೆದೇ ನೂಲಿ. ಒಣಗಿ ಗರಿಗರಿ ಅನಿಸಿದರೆ ಹಿಂಜುವ ಮುಂಚೆ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಸಾಕು.

ಹಿಂಜಲು ಕಾರ್ಡಿಂಗ್ ಬ್ರಷ್ ಕೊಳ್ಳಲೇಬೇಕಾ?

ಬೇಡ. ಮೊದಲು ಬೆರಳಲ್ಲೇ ಹಿಂಜಿ. ಒಂದೊಂದೇ ಎಸಳು ತೆಗೆದು, ಅಡ್ಡಕ್ಕೆ ಎಳೆದು ಬಿಡಿಸುತ್ತ ಹೋಗಿ. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗಾಗಬೇಕು. ಕಸ ತಾನಾಗಿ ಕೆಳಗೆ ಉದುರುತ್ತದೆ. ಮಳೆಗಾಲದ ಸಂಜೆ ಮನೆಯವರೆಲ್ಲ ಕೂತು ಮಾತಾಡುತ್ತ ಮಾಡಬಹುದಾದ ಕೆಲಸ ಇದು. ಅವಸರ ಮಾಡಬೇಡಿ. ನೂಲು ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ, ನೂಲುವ ಕಡ್ಡಿಯಾದ ಕದಿರಿನಲ್ಲಲ್ಲ.

ಆಮೇಲೆ ಬೇಕಿದ್ದರೆ ನಾಯಿಗೆ ಬಾಚುವ ತಂತಿ ಬ್ರಷ್ ಎರಡು ತನ್ನಿ. ಒಂದರ ಮೇಲೆ ಉಣ್ಣೆ ತೆಳ್ಳಗೆ ಹರಡಿ, ಇನ್ನೊಂದರಿಂದ ಮೆಲ್ಲಗೆ ಬಾಚಿ. ತಂತಿಗೆ ತಂತಿ ಉಜ್ಜಬಾರದು. ನಾಲ್ಕೈದು ಸಲ ಬಾಚಿದ ಮೇಲೆ ಎತ್ತಿ, ಪೆನ್ಸಿಲಿಗೆ ಸುತ್ತಿ ಹಂಜಿ ಮಾಡಿಕೊಳ್ಳಿ. ಕಂಬಳಿಯವರು ಬಿಲ್ಲಿನಲ್ಲಿ ಎಕ್ಕುತ್ತಿದ್ದರು, ಹಾಸಿಗೆಯ ಹತ್ತಿ ಎಕ್ಕುವವರ ಬಿಲ್ಲಿನಂಥದ್ದೇ. ಗಿಡ್ಡ ಉಣ್ಣೆಗೆ ಅದಕ್ಕಿಂತ ಒಳ್ಳೆಯ ವಿಧಾನ ನಾನು ಕಂಡಿಲ್ಲ. ಎಕ್ಕುವವರು ಯಾರಾದರೂ ನಿಮ್ಮ ಊರ ಕಡೆ ಬಂದರೆ ತೊಳೆದ ಉಣ್ಣೆ ಕೊಟ್ಟು ಎಕ್ಕಿಸಿಕೊಳ್ಳಿ.

ಕದಿರಾ, ರಾಟೆಯಾ? ಮನೆಯಲ್ಲಿ ಅಜ್ಜನ ಕಾಲದ ಹತ್ತಿ ಚರಕ ಇದೆ.

ಕದಿರಿನಿಂದ ಶುರು ಮಾಡಿ. ಬಯಲುಸೀಮೆಯ ಕುರುಬರು ಮಂದೆಯ ಹಿಂದೆ ನಡೆಯುತ್ತಲೇ ಕದಿರಿನಲ್ಲಿ ನೂಲುತ್ತಿದ್ದರು. ಕರೆಂಟು ಬೇಡ, ಜಾಗ ಬೇಡ, ರಿಪೇರಿ ಇಲ್ಲ.

ಬಡಗಿಯ ಹತ್ತಿರ ಮಾಡಿಸುವುದಾದರೆ ಸಿಲ್ವರ್ ಓಕ್ ತುಂಡು ಸಾಕು, ತೋಟದಲ್ಲೇ ಇರುತ್ತದೆ. ಸುಮಾರು 7 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ದಪ್ಪದ ಬಿಲ್ಲೆ. ನಟ್ಟನಡುವೆ ತೂತು. ಅದಕ್ಕೆ 25–30 ಸೆಂಟಿಮೀಟರ್ ಉದ್ದದ, ಪೆನ್ಸಿಲ್ ದಪ್ಪದ ನೇರವಾದ ಕಡ್ಡಿ. ತುದಿಗೆ ಒಂದು ಸಣ್ಣ ಕೊಕ್ಕೆ. ಒಟ್ಟು ತೂಕ 30–40 ಗ್ರಾಂ ಇರಲಿ. ತೀರಾ ಹಗುರವಾದರೆ ಬೇಗ ನಿಂತು ಉಲ್ಟಾ ತಿರುಗುತ್ತದೆ, ತೀರಾ ಭಾರವಾದರೆ ಎಳೆ ಕಡಿಯುತ್ತದೆ. ತೂತು ನಡುವಿನಿಂದ ಕೊಂಚ ಜರುಗಿದರೂ ಕದಿರು ನಡುಗುತ್ತದೆ, ಬಡಗಿಗೆ ಅದೊಂದನ್ನು ಒತ್ತಿ ಹೇಳಿ.

ಹತ್ತಿಯ ಪೆಟ್ಟಿಗೆ ಚರಕ, ಅಂದರೆ ಯರವಾಡ ಚರಕ, ಸಪೂರ ಹತ್ತಿ ನೂಲಿಗೆಂದೇ ಮಾಡಿದ್ದು. ಚಕ್ರ ಒಂದು ಸುತ್ತು ಬಂದರೆ ಕದಿರು ಎಷ್ಟೋ ಸುತ್ತು ಹೋಗುತ್ತದೆ. ಉಣ್ಣೆಗೆ ಅಷ್ಟು ಹುರಿ ಬಿದ್ದರೆ ತಂತಿಯಂತೆ ಗಟ್ಟಿಯಾಗುತ್ತದೆ. ಕೈ ಪಳಗಿದ ಮೇಲೆ ಮೆಲ್ಲಗೆ ತಿರುಗಿಸಿ ಪ್ರಯತ್ನ ಮಾಡಬಹುದು. ಅಜ್ಜನ ಚರಕವನ್ನು ಕಲಿಯುವ ಹೊತ್ತಿನಲ್ಲಿ ತೊಡಕು ಮಾಡಿಕೊಳ್ಳಬೇಡಿ.

ಮೊದಲ ಎಳೆ ತೆಗೆಯುವುದು ಹೇಗೆ?

ಒಂದು ಮೊಳ ಉಣ್ಣೆಯ ದಾರವನ್ನು ಕದಿರಿಗೆ ಕಟ್ಟಿ ಕೊಕ್ಕೆಗೆ ಸಿಕ್ಕಿಸಿ. ದಾರದ ತುದಿಯನ್ನು ಸ್ವಲ್ಪ ಬಿಚ್ಚಿ, ಹಿಂಜಿದ ಉಣ್ಣೆಯನ್ನು ಅದರ ಮೇಲೆ ಬೆರಳುದ್ದ ಇಟ್ಟು ಒತ್ತಿ ಹಿಡಿಯಿರಿ. ಕದಿರನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿ. ಹುರಿ ಏರಿ ಬಂದು ಉಣ್ಣೆಯನ್ನು ಹಿಡಿದುಕೊಳ್ಳುತ್ತದೆ.

ಶುರುವಿನಲ್ಲಿ ತಿರುಗಿಸುವುದು, ಎಳೆಯುವುದು ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಕದಿರಿಗೆ ಚೆನ್ನಾಗಿ ಹುರಿ ಕೊಟ್ಟು, ಅದನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿ ನಿಲ್ಲಿಸಿ. ಕೆಳಗಿನ ಕೈ ಹುರಿಯನ್ನು ತಡೆದು ಹಿಡಿದಿರಲಿ. ಮೇಲಿನ ಕೈ ಉಣ್ಣೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆಯಲಿ. ನಡುವಿನ ಎಳೆಗಳು ಬೇಕಾದಷ್ಟು ತೆಳ್ಳಗಾದ ಮೇಲೆ ಕೆಳಗಿನ ಬೆರಳು ಸಡಿಲ ಮಾಡಿ, ಹುರಿ ಓಡಿ ಬಂದು ತುಂಬಿಕೊಳ್ಳುತ್ತದೆ. ಮತ್ತೆ ಹಿಡಿಯಿರಿ, ಮತ್ತೆ ಎಳೆಯಿರಿ. ಹುರಿ ಯಾವತ್ತೂ ಮೇಲಿನ ಕೈಯೊಳಗೆ ನುಗ್ಗಬಾರದು. ನುಗ್ಗಿದರೆ ಉಣ್ಣೆ ಗಂಟಾಗಿ ಎಳೆಯಲು ಬರುವುದಿಲ್ಲ. ಒಂದು ಮಾರು ಆದ ಮೇಲೆ ಕದಿರಿಗೆ ಸುತ್ತಿ ಮುಂದುವರಿಸಿ.

ಎರಡು ಕೈಗಳ ನಡುವಿನ ಅಂತರ ಉಣ್ಣೆಯ ಎಳೆಯ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಡೆಕ್ಕನಿಯ ಎಳೆ ಗಿಡ್ಡ, ಆದ್ದರಿಂದ ಕೈಗಳು ಹತ್ತಿರ ಹತ್ತಿರ ಇರಬೇಕು. ಮೆರಿನೊ ನೂಲುವ ವಿಡಿಯೋ ನೋಡಿ ಕಲಿತವರಿಗೆ ತೊಂದರೆ ಆಗುವುದು ಇಲ್ಲೇ.

ನೂಲು ಪದೇ ಪದೇ ಕಡಿಯುತ್ತದೆ. ಕೆಲವು ಕಡೆ ಹಗ್ಗದಷ್ಟು ದಪ್ಪ.

ಎಳೆಗಳು ಮೆಲ್ಲಗೆ ಜಾರಿ ಬೇರೆಯಾದರೆ ಹುರಿ ಸಾಲದು, ಇನ್ನಷ್ಟು ತಿರುಗಿಸಿ. ಪಟ್ಟನೆ ತುಂಡಾದರೆ ಹುರಿ ಜಾಸ್ತಿಯಾಗಿದೆ, ಅಥವಾ ಕದಿರು ಭಾರ. ದಪ್ಪ ತೆಳುವಾಗುವುದಕ್ಕೆ ಕೈಗಿಂತ ಜಾಸ್ತಿ ಕಾರಣ ಹಿಂಜುವಿಕೆ, ಸರಿಯಾಗಿ ಬಿಡಿಸದ ಎಸಳು ಮುದ್ದೆಯಾಗಿಯೇ ಬರುತ್ತದೆ. ಮೊದಲ ಉಂಡೆ ಎಲ್ಲರದ್ದೂ ಹೀಗೇ ಇರುತ್ತದೆ. ಅದನ್ನು ಬಿಸಾಡಬೇಡಿ, ಒಂದು ಕಾಲೊರಸಿಗೆ ಅಂಥ ನೂಲೇ ಚೆಂದ.

ಎರಡೆಳೆ ಹುರಿ ಹಾಕಲೇಬೇಕಾ? ನೂಲಿದ ಮೇಲೆ ನೀರಿಗೆ ಹಾಕುವುದು ಯಾಕೆ?

ನೇಯುವುದಾದರೆ ಒಂಟಿ ಎಳೆ ಸಾಕು. ಕಂಬಳಿ ನೇಯುವಾಗ ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದದ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಹೆಣೆಯುವುದಾದರೆ ಎರಡೆಳೆ ಮಾಡಿ. ಒಂಟಿ ಎಳೆಯಲ್ಲಿ ಹೆಣೆದದ್ದು ಒಂದು ಪಕ್ಕಕ್ಕೆ ವಾಲುತ್ತದೆ. ಎರಡು ಉಂಡೆಯ ಎಳೆಗಳನ್ನು ಸೇರಿಸಿ ಕದಿರನ್ನು ಈ ಸಲ ಉಲ್ಟಾ ದಿಕ್ಕಿಗೆ ತಿರುಗಿಸಿ. ದಿಕ್ಕು ಮರೆತರೆ ಎರಡೂ ಸೇರಿ ಸುರುಳಿ ಸುರುಳಿ ಗಂಟಾಗುತ್ತದೆ.

ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಟವಲಿನಲ್ಲಿ ಒತ್ತಿ ನೀರು ತೆಗೆದು ತೂಗುಹಾಕಿ. ಹುರಿ ಅಲ್ಲಿಯೇ ಕೂರುತ್ತದೆ, ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಒಣಗಿದ ಲಡಿ ನೇರವಾಗಿ ನೇತಾಡಿದರೆ ಎರಡೂ ಕಡೆಯ ಹುರಿ ಸರಿಹೊಂದಿದೆ.

ಬಣ್ಣ ಹಾಕಬಹುದಾ?

ಬಿಳಿ ಉಣ್ಣೆಗೆ ಮಾತ್ರ. ಕಪ್ಪಿಗೆ ಅದರ ಬಣ್ಣವೇ ಸಾಕು. ಕೊಡಗಿನಲ್ಲಿ ಸುಲಭಕ್ಕೆ ಸಿಗುವ ಒಳ್ಳೆಯ ಬಣ್ಣ ಹಲಸಿನ ಮರದ್ದು. ಮರದ ಮಿಲ್ಲಿನಿಂದ ಹಲಸಿನ ಕೆಚ್ಚಿನ ಹೊಟ್ಟು ತನ್ನಿ. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದಿನಿಂದಲೂ ಬಳಸಿದ ಹಳದಿ ಅದು. 100 ಗ್ರಾಂ ಉಣ್ಣೆಗೆ 10–15 ಗ್ರಾಂ ಪಟಿಕ ಕರಗಿಸಿದ ನೀರಲ್ಲಿ ಮೊದಲು ಒಂದು ಗಂಟೆ ಕುದಿ ಬಾರದಂತೆ ಸಣ್ಣ ಉರಿಯಲ್ಲಿ ಕಾಯಿಸಿ, ಅಲ್ಲೇ ಆರಲು ಬಿಡಿ. ಆಮೇಲೆ ಹೊಟ್ಟು ಕುದಿಸಿ ಸೋಸಿದ ನೀರಲ್ಲಿ ಹಾಗೆಯೇ ಮಾಡಿ. ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ಕೆಂಪುಮಿಶ್ರಿತ ಕಂದು ಕೊಡುತ್ತದೆ. ಅರಿಶಿನ ನೋಡಲು ಚೆಂದ, ಆದರೆ ಬಿಸಿಲಿಗೆ ಹೋಗಿಬಿಡುತ್ತದೆ, ನಂಬಬೇಡಿ. ಬಣ್ಣದ ಪಾತ್ರೆ ಅಡುಗೆಗೆ ಮತ್ತೆ ಬಳಸಬೇಡಿ.

ಹುಳ ಬೀಳದಂತೆ ಇಡುವುದು ಹೇಗೆ?

ಉಣ್ಣೆ ತಿನ್ನುವುದು ಸಣ್ಣ ಚಿಟ್ಟೆಯ ಮರಿಹುಳ. ಅದಕ್ಕೆ ಬೇಕಾದ್ದು ಕೊಳೆ, ಕತ್ತಲು, ಯಾರೂ ಮುಟ್ಟದ ಮೂಲೆ. ಚೆನ್ನಾಗಿ ತೊಳೆದದ್ದನ್ನು ಹತ್ತಿ ಬಟ್ಟೆಯ ಚೀಲದಲ್ಲಿಟ್ಟು, ಬಿಸಿಲು ಬಂದ ದಿನ ಹೊರಗೆ ಹಾಕಿ ಕೊಡವಿ. ಬೇವಿನ ಸೊಪ್ಪು ಇಡಿ, ಬೇಡ ಅನ್ನುವುದಿಲ್ಲ, ಆದರೆ ಸೊಪ್ಪಿಟ್ಟೆ ಅಂತ ತಿಂಗಳುಗಟ್ಟಲೆ ಮರೆಯಬೇಡಿ. ಹುಳ ಕಂಡರೆ ಒಣಗಿದ ಉಣ್ಣೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊಸದಾಗಿ ತಂದ ಹಸಿ ಉಣ್ಣೆಯನ್ನು ನೂಲಿನ ಪಕ್ಕ, ರೇಷ್ಮೆ ಸೀರೆಯ ಬೀರುವಿನ ಪಕ್ಕ ಯಾವತ್ತೂ ಇಡಬೇಡಿ.

ಮಕ್ಕಳಿಗೆ ಕಲಿಸಬಹುದಾ?

ತೊಳೆದ ಉಣ್ಣೆಯಾದರೆ ಖಂಡಿತ. ಏಳೆಂಟು ವರ್ಷದವರು ಹಿಂಜುವುದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಕದಿರು ಕೊಡುವಾಗ ಒಬ್ಬರು ತಿರುಗಿಸಲಿ, ಇನ್ನೊಬ್ಬರು ಎಳೆಯಲಿ. ತಂತಿ ಬ್ರಷ್ ಮಾತ್ರ ದೊಡ್ಡವರ ಕೈಯಲ್ಲಿರಲಿ.

ಬೇರೆ ಮಾಡಿದ ಕೊಳಕು ಉಣ್ಣೆ ಬಿಸಾಡುವುದಾ?

ಬೇಡ, ಅದು ಒಳ್ಳೆಯ ಗೊಬ್ಬರ. ಉಣ್ಣೆಯಲ್ಲಿ ಸಾರಜನಕ ಚೆನ್ನಾಗಿದೆ, ನಿಧಾನಕ್ಕೆ ಕೊಳೆಯುತ್ತ ಬಿಟ್ಟುಕೊಡುತ್ತದೆ, ಅಲ್ಲಿಯವರೆಗೆ ತೇವ ಹಿಡಿದಿಡುತ್ತದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಹೊಸದಾಗಿ ನೆಟ್ಟ ಗಿಡದ ಸುತ್ತ, ಕಾಂಡದಿಂದ ಒಂದು ಗೇಣು ದೂರ, ತೆಳ್ಳಗೆ ಹಾಸಿ. ಕಾಂಡಕ್ಕೆ ತಾಗಿದರೆ ಮಳೆ ಬಂದಾಗ ಅಲ್ಲಿ ತೇವ ನಿಂತು ಕೊಳೆ ಹತ್ತುತ್ತದೆ, ಕಾಳುಮೆಣಸಿನ ಬಳ್ಳಿಗಂತೂ ಅದು ಆಗದು. ತರಕಾರಿ ಮಡಿಗೆ, ಸೊಪ್ಪಿನ ಮಡಿಗೆ ತೊಳೆಯದ ಉಣ್ಣೆ ಹಾಕಬೇಡಿ. ಗಿಡದ ಸುತ್ತ ಹಾಸಿದ ಉಣ್ಣೆಯ ಮೇಲೆ ಎರಡು ಬುಟ್ಟಿ ಮಣ್ಣು, ಅದರ ಮೇಲೆ ತರಗೆಲೆ ಮುಚ್ಚಿ, ಇಲ್ಲದಿದ್ದರೆ ನಾಯಿಗಳು ಕುರಿಯ ವಾಸನೆಗೆ ಬಂದು ಕೆದಕಿ ತೋಟವೆಲ್ಲ ಎಳೆದಾಡುತ್ತವೆ.